ಬಣ್ಣದ ಚಿತ್ರಕ್ಕೆ ಮುನ್ನ ಒಂದು ಕೈಲೆಕ್ಕ

ಈ ಬಾರಿ ನೆನಪುಗಳ ಬುತ್ತಿಯನ್ನು ಬದಿಗಿಟ್ಟು, ಕೆಲವು ಕಾಲದಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವ ಒಂದು ವಿಚಾರವನ್ನು ನಿಮ್ಮ ಮುಂದಿಡುತ್ತಿದ್ದೇನೆ. ವಿಷಯ ತುಸು ತಾಂತ್ರಿಕವಾದುದು. ಆದರೂ ಹತ್ತನೆಯ ತರಗತಿಯಲ್ಲಿ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠವನ್ನು ಕೇಳಿದವರಿಗೆ, ಹೊಲದಲ್ಲಿ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಇದು ನಿಲುಕದ ಸಂಗತಿಯೇನೂ ಅಲ್ಲ. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಿಮ್ಮಲ್ಲಿ ಅನೇಕರ ಮಕ್ಕಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾರೆ. ಒಂದು ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಇಂಜಿನಿಯರಿಂಗ್ ಎಂದರೆ ಮೈಸೂರು, ಇಲ್ಲವೇ 1962ರಲ್ಲಿ ಆರಂಭವಾದ ಮಂಡ್ಯದ ಪಿ.ಇ.ಎಸ್. ಕಾಲೇಜು. ಈಗ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿಯೂ ಕೆ.ಆರ್. ಪೇಟೆಯಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಮಕ್ಕಳು ಊರಿನಿಂದಲೇ ಬಸ್ಸು ಹತ್ತಿ ಹೋಗಿ ಬರುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ. ಹಬ್ಬಕ್ಕೋ ಮದುವೆಗೋ ಭೇಟಿಯಾದಾಗ ಅವರು ತಮ್ಮ ಪ್ರಾಜೆಕ್ಟ್ ವರದಿಗಳನ್ನು ಪ್ರೀತಿಯಿಂದ ತೋರಿಸುತ್ತಾರೆ, ನಾನೂ ಆಸಕ್ತಿಯಿಂದ ಓದುತ್ತೇನೆ. ಆ ವರದಿಗಳಲ್ಲಿ ವಿದ್ಯುತ್ಕಾಂತೀಯ ಆಕ್ಚುಯೇಟರ್ ಎಂಬ ಸಾಧನವನ್ನು ಫೈನೈಟ್ ಎಲಿಮೆಂಟ್ ವಿಧಾನದಿಂದ ಗಣಕಯಂತ್ರದಲ್ಲಿ ಸಿಮ್ಯುಲೇಶನ್ ಮಾಡುವ ವಿಷಯವೂ ಆಗಾಗ ಬರುತ್ತದೆ.

ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಅಂತಹ ವರದಿಯೊಂದನ್ನು ತಂದಿದ್ದಳು. ಕೆಂಪು, ಹಳದಿ, ಹಸಿರು, ನೀಲಿ ಬಣ್ಣಗಳಲ್ಲಿ ಕಾಂತಕ್ಷೇತ್ರದ ಸೊಗಸಾದ ಚಿತ್ರ. ‘ಇದು ಎಷ್ಟು ಬಲದಿಂದ ಎಳೆಯುತ್ತದಮ್ಮ?’ ಎಂದು ಕೇಳಿದೆ. ದಶಮಾಂಶದ ಮುಂದೆ ಮೂರು ಸ್ಥಾನದವರೆಗೆ ಸಂಖ್ಯೆ ಹೇಳಿದಳು. ‘ಅದು ಸರಿಯೆಂದು ಹೇಗೆ ಗೊತ್ತು?’ ಎಂದುದಕ್ಕೆ, ‘ಸಾಫ್ಟ್‌ವೇರಲ್ಲಿ ಹಾಗೇ ಬಂತು ತಾತ’ ಎಂದಳು. ಪಕ್ಕದಲ್ಲಿ ಕುಳಿತಿದ್ದ ಅವಳ ತಂದೆ ಅಷ್ಟರಲ್ಲಿ ತಮ್ಮ ಕಷ್ಟ ಹೇಳಿಕೊಂಡರು: ‘ಈ ಬೇಸ್ಗೇಲಿ ಸ್ಟಾರ್ಟರ್ ಕಾಯಿಲ್ ಎರಡ್ ಸಲ ಸುಟ್ಟೋಯ್ತು ಸಾ. ವೋಲ್ಟೇಜೇ ಇರಾಕಿಲ್ಲ, ಅದೆಂಗ್ ಸುಟ್ಟೋಯ್ತದೋ ಏನೋ.’ ಮಗಳ ವರದಿಯಲ್ಲಿದ್ದ ಸಾಧನ, ತಂದೆಯ ಹೊಲದಲ್ಲಿ ಸುಟ್ಟುಹೋದ ಸಾಧನ ಎರಡೂ ಒಂದೇ ಜಾತಿಯವು. ಇಬ್ಬರಿಗೂ ಅದು ಹೊಳೆದಿರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆರಂಭಿಕ ವಿದ್ಯಾರ್ಥಿಗೆ ಸಿಮ್ಯುಲೇಶನ್ ಕಲಿಸುವಾಗ ಸಾಫ್ಟ್‌ವೇರ್ ಮೊದಲ ಮೆಟ್ಟಿಲಾಗಬಾರದು. ಕೈಯಲ್ಲಿ ಹಿಡಿಯಬಹುದಾದ ಒಂದು ಸುರುಳಿ, ಅದರ ಮೇಲೆ ಕಾಗದದಲ್ಲಿ ಮಾಡಿದ ಒಂದು ಅಂದಾಜು ಲೆಕ್ಕ, ಆ ಮೇಲೆ ಗಣಕಯಂತ್ರ, ಕೊನೆಗೆ ಸ್ಪ್ರಿಂಗ್ ತ್ರಾಸು ಎಂಬ ಕ್ರಮವಿರಬೇಕು. ಈ ಕ್ರಮ ತಪ್ಪಿದರೆ ಫೈನೈಟ್ ಎಲಿಮೆಂಟ್ ವಿಧಾನವೆಂಬ ಅದ್ಭುತ ವಿದ್ಯೆ ಗೋಡೆಗೆ ತೂಗುಹಾಕುವ ಚಿತ್ರಪಟವಾಗುತ್ತದೆ.

ಆಕ್ಚುಯೇಟರ್ ಎಂದರೇನು? ಒಂದು ಸೂಚನೆಯನ್ನು ಚಲನೆಯಾಗಿ ಮಾರ್ಪಡಿಸುವ ಸಾಧನ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಜಲದ್ವಾರಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಮೊದಲು ಅಳವಡಿಸಲಾಯಿತು. ಅನಂತರ ನಮ್ಮ ಕನ್ನಂಬಾಡಿ ಕಟ್ಟೆಗೂ ಅವು ಬಂದವು. ಅಲ್ಲಿ ನೀರಿನ ಮಟ್ಟ ಏರುವುದೇ ಸೂಚನೆ, ಬಾಗಿಲು ತಾನಾಗಿ ತೆರೆಯುವುದೇ ಚಲನೆ. ಆ ಸಾಧನದಲ್ಲಿ ವಿದ್ಯುತ್ತಿನ ಪಾತ್ರವಿರಲಿಲ್ಲ. ವಿದ್ಯುತ್ಕಾಂತೀಯ ಆಕ್ಚುಯೇಟರಿನಲ್ಲಿ ಸೂಚನೆಯಾಗಿ ಬರುವುದು ವಿದ್ಯುತ್ ಪ್ರವಾಹ, ಕೆಲಸ ಮಾಡುವುದು ಕಾಂತದ ಸೆಳೆತ. 1820ರಲ್ಲಿ ಅರ್ಸ್ಟೆಡ್ ಪ್ರವಾಹದಿಂದ ದಿಕ್ಸೂಚಿಯ ಮುಳ್ಳು ಕದಲುವುದನ್ನು ಕಂಡರು. 1825ರಲ್ಲಿ ಸ್ಟರ್ಜನ್ ಎಂಬ ಆಂಗ್ಲರು ಕುದುರೆಲಾಳದ ಆಕಾರದ ಕಬ್ಬಿಣಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡಿ ತೋರಿಸಿದರು. ನಮ್ಮ ಜಿಲ್ಲೆಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು.

ಇಂದು ಶ್ರೀರಂಗಪಟ್ಟಣ, ಪಾಂಡವಪುರಗಳ ಕಬ್ಬಿನ ಗದ್ದೆಗಳಲ್ಲಿ, ಕೆ.ಆರ್. ಪೇಟೆಯ ತೆಂಗಿನ ತೋಟಗಳಲ್ಲಿ, ನಾಗಮಂಗಲದ ಕೊಳವೆಬಾವಿಗಳ ಬಳಿ ಎಲ್ಲಿಗೆ ಹೋದರೂ ಕಂಬಕ್ಕೋ ಗೋಡೆಗೋ ತೂಗುಹಾಕಿದ ಸ್ಟಾರ್ಟರ್ ಪೆಟ್ಟಿಗೆ ಕಾಣುತ್ತದೆ. ಅದರೊಳಗೆ ಕಾಂಟ್ಯಾಕ್ಟರ್ ಎಂಬ ಭಾಗವಿದೆ. ಸ್ಥಿರವಾದ ಒಂದು ಕಬ್ಬಿಣದ ತುಂಡು, ಅದಕ್ಕೆ ಸುತ್ತಿದ ಸುರುಳಿ, ಎದುರಿಗೆ ಸ್ಪ್ರಿಂಗಿನ ಒತ್ತಡದಲ್ಲಿ ದೂರ ನಿಂತಿರುವ ಇನ್ನೊಂದು ಕಬ್ಬಿಣದ ತುಂಡು. ಹಸಿರು ಗುಂಡಿ ಒತ್ತಿದೊಡನೆ ಸುರುಳಿಯಲ್ಲಿ ಪ್ರವಾಹ ಹರಿದು, ಎದುರಿನ ತುಂಡು ‘ಟಪ್’ ಎಂದು ಬಂದು ಅಂಟಿಕೊಳ್ಳುತ್ತದೆ. ಮೂರು ಫೇಸುಗಳ ಸಂಪರ್ಕ ಕೂಡಿ ಮೋಟಾರ್ ತಿರುಗುತ್ತದೆ. ನಮ್ಮ ರೈತರು ಪ್ರತಿದಿನ ಬಳಸುವ ವಿದ್ಯುತ್ಕಾಂತೀಯ ಆಕ್ಚುಯೇಟರ್ ಇದೇ.

ಈಗ ಆ ತಂದೆಯ ಪ್ರಶ್ನೆ. ವೋಲ್ಟೇಜ್ ಕಡಿಮೆಯಿದ್ದರೆ ಪ್ರವಾಹವೂ ಕಡಿಮೆಯಿರಬೇಕು, ಬಿಸಿಯೂ ಕಡಿಮೆಯಾಗಬೇಕು. ಹಾಗಿರುವಾಗ ಕಾಯಿಲ್ ಏಕೆ ಸುಡುತ್ತದೆ? ಬ್ಯಾಟರಿಯ ನೇರ ವಿದ್ಯುತ್ತಿನಲ್ಲಿ ಈ ತರ್ಕ ಸರಿ. ಎ.ಸಿ. ಎಂದು ನಾವು ಕರೆಯುವ ಪರ್ಯಾಯ ವಿದ್ಯುತ್ತಿನಲ್ಲಿ ಹಾಗಲ್ಲ. ಅಲ್ಲಿ ಪ್ರವಾಹವನ್ನು ಮುಖ್ಯವಾಗಿ ತಡೆದು ನಿಲ್ಲಿಸುವುದು ತಂತಿಯ ರೋಧಕ್ಕಿಂತ ಹೆಚ್ಚಾಗಿ ಕಬ್ಬಿಣದಲ್ಲಿ ಹುಟ್ಟುವ ಕಾಂತಕ್ಷೇತ್ರದ ಏರಿಳಿತ. ಎರಡು ಕಬ್ಬಿಣದ ತುಂಡುಗಳು ಅಂಟಿಕೊಂಡಿದ್ದಾಗ ಸ್ವಲ್ಪ ಪ್ರವಾಹವೇ ಸಾಕಷ್ಟು ಕ್ಷೇತ್ರವನ್ನು ಹುಟ್ಟಿಸುತ್ತದೆ, ಆದುದರಿಂದ ಪ್ರವಾಹ ಕಡಿಮೆ. ನಡುವೆ ಗಾಳಿಯ ಅಂತರವಿದ್ದಾಗ ಅಷ್ಟೇ ಕ್ಷೇತ್ರಕ್ಕೆ ಅನೇಕ ಪಟ್ಟು ಪ್ರವಾಹ ಬೇಕು. ಸಾಮಾನ್ಯವಾಗಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇರುವ ಸ್ಥಿತಿ.

ವೋಲ್ಟೇಜ್ 415ರಿಂದ 290ಕ್ಕೆ, ಅಂದರೆ ಸುಮಾರು ಶೇಕಡ 70ಕ್ಕೆ ಇಳಿಯಿತೆನ್ನಿ. ಸೆಳೆತ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಶೇಕಡ 49ಕ್ಕೆ ಇಳಿಯುತ್ತದೆ. ಸ್ಪ್ರಿಂಗು ಮಾತ್ರ ತನ್ನ ಬಲವನ್ನು ಕಿಂಚಿತ್ತೂ ಕಡಿಮೆ ಮಾಡುವುದಿಲ್ಲ. ಕಬ್ಬಿಣದ ತುಂಡು ಅರ್ಧ ದಾರಿಗೆ ಬಂದು ಹಿಂದಕ್ಕೆ ಹೋಗುತ್ತದೆ, ಕಟಕಟನೆ ನಡುಗುತ್ತದೆ, ಆದರೆ ಪೂರ್ತಿ ಅಂಟಿಕೊಳ್ಳುವುದಿಲ್ಲ. ತೆರೆದ ಸ್ಥಿತಿಯ ಪ್ರವಾಹ ಮುಚ್ಚಿದ ಸ್ಥಿತಿಯದಕ್ಕಿಂತ ಐದು ಪಟ್ಟು ಎಂದು ಇಟ್ಟುಕೊಂಡರೆ, ವೋಲ್ಟೇಜ್ ಇಳಿದುದಕ್ಕಾಗಿ ಅದನ್ನು ಮೂರೂವರೆ ಪಟ್ಟಿಗೆ ಇಳಿಸೋಣ. ಶಾಖ ಪ್ರವಾಹದ ವರ್ಗಕ್ಕೆ ಅನುಪಾತ. ಮೂರೂವರೆಯ ವರ್ಗ ಹನ್ನೆರಡಕ್ಕಿಂತ ಹೆಚ್ಚು. ಹನ್ನೆರಡು ಪಟ್ಟು ಬಿಸಿಯನ್ನು ನಿಮಿಷಗಟ್ಟಲೆ ತಡೆದುಕೊಳ್ಳುವಂತೆ ಯಾರೂ ಆ ಸುರುಳಿಯನ್ನು ಸುತ್ತಿರುವುದಿಲ್ಲ. ಕಾಯಿಲ್ ಸುಡುವುದು ಈ ಕಾರಣದಿಂದ. ವರ್ಗ, ಅನುಪಾತ, ಶೇಕಡಾವಾರು ಇವು ಮೂರೂ ಹೈಸ್ಕೂಲಿನ ಗಣಿತವೇ ಅಲ್ಲವೇ?

ಈಗ ಸೆಳೆತದ ಲೆಕ್ಕವನ್ನು ನೋಡೋಣ. ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಸಾಕು. ಒಂದು, ಗಾಳಿಯಲ್ಲಿ 1 ಮಿ.ಮೀ. ಅಂತರದಲ್ಲಿ 1 ಟೆಸ್ಲಾ ಕಾಂತಕ್ಷೇತ್ರವನ್ನು ನಿಲ್ಲಿಸಲು ಸುಮಾರು 800 ಆಂಪಿಯರ್-ಸುತ್ತುಗಳು ಬೇಕು. ಎರಡು, 1 ಟೆಸ್ಲಾ ಕ್ಷೇತ್ರವಿರುವ 1 ಚದರ ಸೆಂ.ಮೀ. ಧ್ರುವಮುಖ ಸುಮಾರು 4 ಕೆ.ಜಿ. ತೂಕದಷ್ಟು ಬಲದಿಂದ ಎಳೆಯುತ್ತದೆ. ಕ್ಷೇತ್ರ ಅರ್ಧವಾದರೆ ಬಲ ಕಾಲುಭಾಗವಾಗುತ್ತದೆ.

ಕುದುರೆಲಾಳದ ಆಕಾರದ ಕಬ್ಬಿಣಕ್ಕೆ 500 ಸುತ್ತು ತಂತಿ ಸುತ್ತಿ 1 ಆಂಪಿಯರ್ ಹರಿಸಿದಿರೆನ್ನಿ. 500 ಆಂಪಿಯರ್-ಸುತ್ತುಗಳಾದವು. ಧ್ರುವಗಳು ಎರಡು, ಒಂದೊಂದರ ವಿಸ್ತೀರ್ಣ 1 ಚದರ ಸೆಂ.ಮೀ., ಒಂದೊಂದರ ಮುಂದೆಯೂ 1 ಮಿ.ಮೀ. ಗಾಳಿ. ಒಟ್ಟು 2 ಮಿ.ಮೀ. ಅಂತರಕ್ಕೆ 1 ಟೆಸ್ಲಾ ಬೇಕಾದರೆ 1600 ಬೇಕಿತ್ತು, ಇರುವುದು 500. ಆದುದರಿಂದ ಕ್ಷೇತ್ರ ಸುಮಾರು 0.31 ಟೆಸ್ಲಾ. ಇದರ ವರ್ಗ ಸುಮಾರು 0.1. ಒಂದು ಧ್ರುವಕ್ಕೆ 0.4 ಕೆ.ಜಿ., ಎರಡಕ್ಕೂ ಸೇರಿ 0.8 ಕೆ.ಜಿ. ಅಂತರವನ್ನು 2 ಮಿ.ಮೀ.ಗೆ ಹೆಚ್ಚಿಸಿದರೆ ಬಲ ಕಾಲುಭಾಗಕ್ಕೆ, ಅಂದರೆ 200 ಗ್ರಾಂಗೆ ಇಳಿಯುತ್ತದೆ, 4 ಮಿ.ಮೀ. ಮಾಡಿದರೆ ಕೇವಲ 50 ಗ್ರಾಂ.

ಇದೇ ಲೆಕ್ಕವನ್ನು 0.1 ಮಿ.ಮೀ. ಅಂತರಕ್ಕೆ ಮಾಡಿ ನೋಡಿ. ಕ್ಷೇತ್ರ 3.1 ಟೆಸ್ಲಾ, ಸೆಳೆತ 80 ಕೆ.ಜಿ.! ಹೆಬ್ಬೆರಳಿನ ಗಾತ್ರದ ಕಬ್ಬಿಣ ಒಬ್ಬ ದೃಢಕಾಯ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆಯೇ? ಖಂಡಿತ ಇಲ್ಲ. ಏಕೆಂದರೆ ಸಾಮಾನ್ಯ ಕಬ್ಬಿಣ ಒಂದೂವರೆಯಿಂದ ಎರಡು ಟೆಸ್ಲಾ ಬರುವಷ್ಟರಲ್ಲಿ ಸಂತೃಪ್ತವಾಗುತ್ತದೆ. ಅನಂತರ ಎಷ್ಟು ಪ್ರವಾಹ ಹೆಚ್ಚಿಸಿದರೂ ಕ್ಷೇತ್ರ ಕುಂಟುತ್ತಲೇ ಏರುತ್ತದೆ. 1.6 ಟೆಸ್ಲಾ ಎಂದಿಟ್ಟುಕೊಂಡರೆ ಎರಡು ಧ್ರುವಗಳ ಸೆಳೆತ ಸುಮಾರು 20 ಕೆ.ಜಿ. ಇನ್ನೊಂದು ತುದಿಯಲ್ಲಿ, ಅಂತರ ಹೆಚ್ಚಾದಾಗ ಬಲರೇಖೆಗಳು ನೇರವಾಗಿ ಹೋಗದೆ ಬದಿಗಳಿಂದ ಉಬ್ಬಿಕೊಂಡು ಹೋಗುತ್ತವೆ, ಕೆಲವು ಎದುರಿನ ಕಬ್ಬಿಣವನ್ನು ಮುಟ್ಟದೆ ಹಿಂದಿರುಗುತ್ತವೆ. ಅಲ್ಲಿಯೂ ನಮ್ಮ ಲೆಕ್ಕ ಸಡಿಲವಾಗುತ್ತದೆ. ಹೀಗೆ ಕೈಲೆಕ್ಕವು ತನ್ನ ಶಕ್ತಿಯನ್ನೂ ತನ್ನ ಮಿತಿಯನ್ನೂ ಒಟ್ಟಿಗೆ ತೋರಿಸಿಕೊಡುತ್ತದೆ. ಅದರ ಮಿತಿ ಎಲ್ಲಿ ಆರಂಭವಾಗುತ್ತದೋ ಅಲ್ಲಿಯೇ ಫೈನೈಟ್ ಎಲಿಮೆಂಟ್ ವಿಧಾನದ ಅಗತ್ಯವೂ ಆರಂಭವಾಗುತ್ತದೆ.

ಆ ವಿಧಾನದ ತಿರುಳು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಅಂಕುಡೊಂಕಾದ ಹೊಲವನ್ನು ಸರ್ವೇಯರು ಹೇಗೆ ಅಳೆಯುತ್ತಿದ್ದರು? ಸರಪಳಿ ಹಿಡಿದು ಹೊಲವನ್ನು ತ್ರಿಕೋನಗಳಾಗಿ ವಿಂಗಡಿಸಿ, ಒಂದೊಂದರ ವಿಸ್ತೀರ್ಣ ಕಂಡುಹಿಡಿದು ಕೂಡಿಸುತ್ತಿದ್ದರು. ನೇರವಾದ ಬದುವಿನ ಕಡೆ ದೊಡ್ಡ ತ್ರಿಕೋನ ಸಾಕು. ತೊಣ್ಣೂರು ಕೆರೆಯ ಅಂಚಿನಂತೆ ಬಳುಕುವ ಕಡೆ ಚಿಕ್ಕ ಚಿಕ್ಕ ತ್ರಿಕೋನಗಳು ಬೇಕು. ಗಣಕಯಂತ್ರ ಮಾಡುವುದೂ ಇದನ್ನೇ. ಕಬ್ಬಿಣ, ತಾಮ್ರ, ಸುತ್ತಲಿನ ಗಾಳಿ ಎಲ್ಲವನ್ನೂ ಸಾವಿರಾರು ತ್ರಿಕೋನಗಳಾಗಿ ತುಂಡರಿಸುತ್ತದೆ. ಪ್ರತಿಯೊಂದು ಮೂಲೆಗೂ ಕಾಂತೀಯ ವಿಭವವೆಂಬ ಒಂದು ಸಂಖ್ಯೆಯನ್ನು ಕೊಡಬೇಕು. ತ್ರಿಕೋನದ ಒಳಗೆ ಆ ಸಂಖ್ಯೆ ಇಳಿಜಾರು ಹಲಗೆಯಂತೆ ಒಂದೇ ಸಮನೆ ಬದಲಾಗುತ್ತದೆಂದು ಭಾವಿಸುತ್ತದೆ. ಕೆರೆಯ ನೀರು ಅಲುಗಾಡಿ ಕೊನೆಗೆ ಸಮಮಟ್ಟದಲ್ಲಿ ನಿಲ್ಲುವಂತೆ, ಇಡೀ ವ್ಯವಸ್ಥೆಯ ಶಕ್ತಿ ಎಲ್ಲಿ ನೆಲೆಗೊಳ್ಳುವುದೋ ಆ ಸಂಖ್ಯೆಗಳನ್ನು ಹುಡುಕುತ್ತದೆ. ಅದಕ್ಕಾಗಿ ಸಾವಿರಾರು ಏಕಕಾಲಿಕ ಸಮೀಕರಣಗಳನ್ನು ಬಿಡಿಸುತ್ತದೆ. ನೀವು ಎರಡು ಸಮೀಕರಣಗಳಿಗೆ ಒಂದು ಪುಟ ತೆಗೆದುಕೊಳ್ಳುತ್ತಿದ್ದಿರಿ. ಅದು ಹತ್ತು ಸಾವಿರಕ್ಕೆ ಕೆಲವು ಕ್ಷಣ ತೆಗೆದುಕೊಳ್ಳುತ್ತದೆ. ಕೆಲಸದ ಬಗೆ ಒಂದೇ.

ಮನಸ್ಸಿಗೆ ಹಿಡಿಸಬೇಕಾದರೆ ಇದರ ದಾಯಾದಿಯಂತಿರುವ ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ಒಂದು ಚೌಕದ ಮೂರು ಬದಿಗಳಲ್ಲಿ ಬೆಲೆ 0, ನಾಲ್ಕನೆಯ ಬದಿಯಲ್ಲಿ 100 ಎನ್ನಿ. ನಟ್ಟನಡುವಿನ ಬಿಂದುವಿನ ಬೆಲೆ ನಾಲ್ಕು ನೆರೆಯವರ ಸರಾಸರಿ ಎಂದು ಭಾವಿಸಿದರೆ 25 ಬರುತ್ತದೆ, ಮತ್ತು ಅದೇ ನಿಖರವಾದ ಉತ್ತರ. ಚೌಕವನ್ನು ಇನ್ನೂ ಸಣ್ಣ ಮನೆಗಳಾಗಿ ವಿಂಗಡಿಸಿ, ಪ್ರತಿ ಬಿಂದುವನ್ನೂ ನೆರೆಯವರ ಸರಾಸರಿಗೆ ತರುತ್ತ ಹೋದರೆ ಉಳಿದ ಜಾಗಗಳ ಬೆಲೆಗಳೂ ದೊರೆಯುತ್ತವೆ. ಒಂಬತ್ತನೆಯ ತರಗತಿಯ ಮಗುವೂ ಚೌಕಳಿ ಹಾಳೆಯ ಮೇಲೆ ಇದನ್ನು ಮಾಡಬಲ್ಲದು.

ಈ ವಿದ್ಯೆಯ ಚರಿತ್ರೆಯೂ ಸ್ವಾರಸ್ಯವಾಗಿದೆ. 1943ರಲ್ಲಿ ಗಣಿತಜ್ಞ ಕೂರಾಂಟ್ ತ್ರಿಕೋನಗಳಾಗಿ ವಿಂಗಡಿಸುವ ಉಪಾಯವನ್ನು ಪ್ರಕಟಿಸಿದರು. 1956ರಲ್ಲಿ ಟರ್ನರ್, ಕ್ಲಫ್ ಮೊದಲಾದವರು ವಿಮಾನದ ರಚನೆಗಳ ದೃಢತೆಯನ್ನು ಲೆಕ್ಕ ಹಾಕಲು ಇಂಥದೇ ವಿಧಾನವನ್ನು ಬಳಸಿದರು. 1960ರಲ್ಲಿ ಕ್ಲಫ್ ಅದಕ್ಕೆ ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನಿಟ್ಟರು. ಸಂತೃಪ್ತವಾಗುವ ಕಬ್ಬಿಣವಿರುವ ಕಾಂತಕ್ಷೇತ್ರಗಳಿಗೆ ಅದನ್ನು ಅನ್ವಯಿಸಿ 1970ರಲ್ಲಿ ಪ್ರಬಂಧ ಬರೆದವರು ಪೀಟರ್ ಸಿಲ್ವೆಸ್ಟರ್ ಮತ್ತು ಎಂ.ವಿ.ಕೆ. ಚಾರಿ. ಅಂದು ದೊಡ್ಡ ಸಂಸ್ಥೆಗಳ ಗಣಕಯಂತ್ರಗಳಿಗೆ ಮಾತ್ರ ಸಾಧ್ಯವಿದ್ದ ಕೆಲಸ ಇಂದು ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಆಗುತ್ತದೆ. ಡೇವಿಡ್ ಮೀಕರ್ ಎಂಬುವರು ಬರೆದ ಎಫ್.ಇ.ಎಂ.ಎಂ. ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು ಎರಡು ಆಯಾಮಗಳ ಲೆಕ್ಕವನ್ನು ಮಾತ್ರ ಮಾಡುತ್ತದೆ. ಆರಂಭಿಕರಿಗೆ ಅದು ಧಾರಾಳವಾಗಿ ಸಾಕು. ಲಕ್ಷಾಂತರ ರೂಪಾಯಿಯ ಪರವಾನಗಿ ಇಲ್ಲವೆಂದು ಬಡ ಕಾಲೇಜು ಕೈಕಟ್ಟಿ ಕೂರಬೇಕಾಗಿಲ್ಲ.

ಆದರೆ ಯಂತ್ರ ಪ್ರಾಮಾಣಿಕವಾದುದು, ಬುದ್ಧಿವಂತವಾದುದಲ್ಲ. ಕೇಳಿದ ಪ್ರಶ್ನೆ ತಪ್ಪಾಗಿದ್ದರೂ ಅಷ್ಟೇ ಶ್ರದ್ಧೆಯಿಂದ ಉತ್ತರಿಸುತ್ತದೆ. ಹೊಸಬರು ಎಚ್ಚರ ವಹಿಸಬೇಕಾದ ಕೆಲವು ಸ್ಥಳಗಳನ್ನು ಹೇಳುತ್ತೇನೆ.

ಮೊದಲನೆಯದು ಆಕಾರದ ಆಯ್ಕೆ. ಉರುಳೆಯಂತಹ ಸೊಲೆನಾಯ್ಡನ್ನು ಅಕ್ಷದ ಸುತ್ತ ತಿರುಗಿಸಿದ ಆಕೃತಿಯೆಂದು ಹೇಳಬೇಕು. ಸ್ಟಾರ್ಟರಿನ ಚಪ್ಪಟೆ ಕಬ್ಬಿಣವನ್ನು ಇಷ್ಟು ದಪ್ಪವಿರುವ ಹಲಗೆಯೆಂದು ಹೇಳಬೇಕು. ಒಂದರ ಬದಲು ಇನ್ನೊಂದನ್ನು ಆರಿಸಿದರೆ ಚಿತ್ರ ಸುಂದರವಾಗಿಯೇ ಬರುತ್ತದೆ, ಸಂಖ್ಯೆ ಮಾತ್ರ ನಿರರ್ಥಕ. ಮಿಲಿಮೀಟರಿನ ಜಾಗದಲ್ಲಿ ಸೆಂಟಿಮೀಟರ್ ಕೊಟ್ಟರೂ ಅಷ್ಟೆ.

ಎರಡನೆಯದು ಎಲ್ಲೆ. ಕಾಂತಕ್ಷೇತ್ರ ದೂರದವರೆಗೂ ಹರಡುತ್ತದೆ, ಆದರೆ ಗಣಕಯಂತ್ರಕ್ಕೆ ಎಲ್ಲಿಯೋ ಒಂದು ಬೇಲಿ ಹಾಕಲೇಬೇಕು. ಬೇಲಿಯನ್ನು ಸಾಧನಕ್ಕೆ ಅಂಟಿಸಿ ಹಾಕಿದರೆ ಬಲರೇಖೆಗಳು ಅದಕ್ಕೆ ಒತ್ತಿಕೊಂಡು ಸುಳ್ಳು ದಾರಿ ಹಿಡಿಯುತ್ತವೆ. ಸಾಧನದ ಗಾತ್ರದ ಹಲವು ಪಟ್ಟು ದೂರದಲ್ಲಿ ಬೇಲಿ ಇರಲಿ; ಅದನ್ನು ಇನ್ನೂ ದೂರಕ್ಕೆ ಸರಿಸಿದರೂ ಉತ್ತರ ಬದಲಾಗದಿದ್ದರೆ ಸಾಕಷ್ಟು ದೂರವಾಯಿತೆಂದು ತಿಳಿಯಬಹುದು.

ಮೂರನೆಯದು ಗಾಳಿಯ ಅಂತರದಲ್ಲಿನ ತ್ರಿಕೋನಗಳು. ಈ ಸರಳ ತ್ರಿಕೋನದೊಳಗೆ ಕ್ಷೇತ್ರ ಎಲ್ಲೆಡೆ ಒಂದೇ ಬೆಲೆಯದಾಗಿರುತ್ತದೆ. ಬಲವೆಲ್ಲ ಹುಟ್ಟುವ ಆ ಕಿರಿದಾದ ಅಂತರದಲ್ಲಿ ಒಂದೇ ಸಾಲು ತ್ರಿಕೋನಗಳಿದ್ದರೆ ಲೆಕ್ಕ ಒರಟಾಗುತ್ತದೆ. ನಾಲ್ಕಾರು ಸಾಲುಗಳಾದರೂ ಬೇಕು. ತ್ರಿಕೋನಗಳನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಬಿಡಿಸಿ. ಬಲದ ಬೆಲೆ ಗಮನಾರ್ಹವಾಗಿ ಬದಲಾದರೆ ಮೊದಲಿನ ಉತ್ತರವನ್ನು ನಂಬಬೇಡಿ.

ನಾಲ್ಕನೆಯದು ಕಬ್ಬಿಣದ ಗುಣ. ಪಟ್ಟಿಯಲ್ಲಿ ಮೊದಲು ಕಂಡ ಉಕ್ಕಿನ ಹೆಸರನ್ನು ಒತ್ತಿಬಿಡುವುದು ರೂಢಿಯಾಗಿದೆ. ಸಂತೃಪ್ತವಾಗದ ಕಲ್ಪನೆಯ ಕಬ್ಬಿಣವನ್ನು ಕೊಟ್ಟರೆ ಯಂತ್ರವೂ ಆ 80 ಕೆ.ಜಿ.ಯ ಪವಾಡವನ್ನೇ ಹೇಳುತ್ತದೆ. ಕೈಲೆಕ್ಕ ಮಾಡಿದವನಿಗೆ ಮಾತ್ರ ಅಲ್ಲಿ ನಗು ಬರುತ್ತದೆ.

ಐದನೆಯದು ಕಾಲ ಮತ್ತು ಬಿಸಿ. ನಿಂತ ಸ್ಥಿತಿಯ ಸೆಳೆತವನ್ನು ತಿಳಿದ ಮಾತ್ರಕ್ಕೆ ಚಲನೆ ತಿಳಿದಂತಾಗಲಿಲ್ಲ. ಸ್ಪ್ರಿಂಗು, ತೂಕ, ಚಲಿಸುವಾಗ ಬದಲಾಗುವ ಪ್ರವಾಹ ಎಲ್ಲವೂ ಸೇರಬೇಕು. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.39ರಷ್ಟು ಏರುತ್ತದೆ. ಬ್ಯಾಟರಿಯಿಂದ ನಡೆಯುವ ಸುರುಳಿ 60 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಪ್ರವಾಹ ಸುಮಾರು ಐದನೇ ಒಂದು ಭಾಗ ತಗ್ಗಿ, ಸೆಳೆತ ಮೂರನೇ ಒಂದು ಭಾಗದಷ್ಟು ಕುಸಿಯುತ್ತದೆ. ಬೆಳಗಿನ ತಂಪಿನಲ್ಲಿ ಕೆಲಸ ಮಾಡಿದ ಕವಾಟ ಮಧ್ಯಾಹ್ನ ಮುಷ್ಕರ ಹೂಡಬಹುದು. ಎ.ಸಿ. ಸುರುಳಿಯಲ್ಲಂತೂ ಸೆಳೆತ ಸೆಕೆಂಡಿಗೆ 100 ಸಲ ಸೊನ್ನೆಯ ಬಳಿಗೆ ಬರುತ್ತದೆ. ಅದಕ್ಕಾಗಿಯೇ ಕಾಂಟ್ಯಾಕ್ಟರಿನ ಧ್ರುವಮುಖದಲ್ಲಿ ಒಂದು ಸಣ್ಣ ತಾಮ್ರದ ಉಂಗುರವನ್ನು ಕೂರಿಸಿರುತ್ತಾರೆ. ಅದು ಒಂದು ಭಾಗದ ಕ್ಷೇತ್ರವನ್ನು ತುಸು ತಡವಾಗಿಸಿ ಸೆಳೆತ ಪೂರ್ತಿ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತದೆ. ಉಂಗುರ ಮುರಿದ ಸ್ಟಾರ್ಟರ್ ಜೋರಾಗಿ ಗುಂಯ್‌ಗುಡುವುದು ಇದರಿಂದಲೇ. ವೈಂಡಿಂಗ್ ಅಂಗಡಿಯವರು ಸದ್ದು ಕೇಳಿಯೇ ಇದನ್ನು ಹೇಳಿಬಿಡುತ್ತಾರೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಮೇಷ್ಟ್ರೇ, ಕಾರ್ಖಾನೆಯಲ್ಲಿ ಕೈಲೆಕ್ಕಕ್ಕೆ ಸಮಯವೆಲ್ಲಿದೆ? ಕೆಲಸ ಕೊಡುವವರು ಯಾವ ಸಾಫ್ಟ್‌ವೇರ್ ಬರುತ್ತದೆ ಎಂದು ತಾನೇ ಕೇಳುವುದು?’ ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಹುಡುಕುವ ಮಗುವಿಗೆ ಆ ಕೌಶಲ ಅನ್ನದ ದಾರಿ. ಸಂತೃಪ್ತ ಕಬ್ಬಿಣ, ಸುಳಿಪ್ರವಾಹ, ಕ್ಲಿಷ್ಟ ಆಕಾರ ಇವು ಸೇರಿದಾಗ ಕಾಗದ ಪೆನ್ಸಿಲ್ಲಿನಿಂದ ನಿಖರವಾದ ಉತ್ತರ ಹೊರಡುವುದಿಲ್ಲವೆಂಬುದೂ ನಿಜ. ಆದರೆ ಗುಂಡಿಗಳನ್ನು ಒತ್ತುವುದನ್ನು ಒಂದು ತಿಂಗಳಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಪರದೆಯ ಮೇಲೆ ಬಂದ ಸಂಖ್ಯೆಯನ್ನು ನೋಡಿ ‘ಇದು ಹತ್ತು ಪಟ್ಟು ಹೆಚ್ಚಾಯಿತಲ್ಲ’ ಎಂದು ಹೇಳಬಲ್ಲವನನ್ನು ತಯಾರು ಮಾಡಲು ವರ್ಷಗಳು ಬೇಕು. ಮೊದಲನೆಯವನಿಗಿಂತ ಎರಡನೆಯವನನ್ನೇ ಸಂಸ್ಥೆಗಳು ಉಳಿಸಿಕೊಳ್ಳುತ್ತವೆಂಬುದು ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳೇ ಹೇಳುವ ಮಾತು.

ಆದುದರಿಂದ ನನ್ನ ಸಲಹೆ ಮೂರು ಸಂಖ್ಯೆಗಳ ನಿಯಮ. ಪ್ರಾಜೆಕ್ಟ್ ವರದಿಯಲ್ಲಿ ಬಲದ ಬೆಲೆಯನ್ನು ಮೂರು ಸಲ ಬರೆಯಬೇಕು: ಕೈಲೆಕ್ಕದ್ದು, ಗಣಕಯಂತ್ರದ್ದು, ತ್ರಾಸಿನದು. ಮೇಲೆ ಹೇಳಿದ 500 ಸುತ್ತಿನ ವಿದ್ಯುತ್ಕಾಂತವನ್ನು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿಯೇ ಮಾಡಬಹುದು. 6 ವೋಲ್ಟ್ ಬ್ಯಾಟರಿ, ಪ್ರವಾಹವನ್ನು 1 ಆಂಪಿಯರಿಗೆ ಹೊಂದಿಸಲು ರಿಯೋಸ್ಟಾಟ್, ಅಮ್ಮೀಟರ್ ಇದ್ದರೆ ಆಯಿತು. ಧ್ರುವಗಳ ಮೇಲೆ 1 ಮಿ.ಮೀ. ದಪ್ಪದ ರಟ್ಟನ್ನಿಟ್ಟು, ಅದರ ಮೇಲೆ ಕಬ್ಬಿಣದ ಪಟ್ಟಿಯನ್ನಿಡಿ. ರಟ್ಟು ಕಾಂತಕ್ಕೆ ಗಾಳಿಯಂತೆಯೇ. ಸ್ಪ್ರಿಂಗ್ ತ್ರಾಸಿನಿಂದ ಪಟ್ಟಿಯನ್ನು ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಬಿಟ್ಟುಕೊಳ್ಳುವ ಕ್ಷಣದ ಅಂಕದಿಂದ ಪಟ್ಟಿಯ ತೂಕವನ್ನು ಕಳೆದರೆ ಸೆಳೆತ ದೊರೆಯುತ್ತದೆ. ಮೂರು ಸಂಖ್ಯೆಗಳು ಒಂದೇ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಎರಡು ಆಯಾಮದ ತಂತ್ರಾಂಶಕ್ಕೆ ಧ್ರುವದ ಮುಂದಿನ ಮತ್ತು ಹಿಂದಿನ ಮುಖಗಳಿಂದ ಉಬ್ಬುವ ಬಲರೇಖೆಗಳು ಕಾಣುವುದಿಲ್ಲ. ರಟ್ಟು ಅದುಮಿಕೊಂಡು ತೆಳುವಾಗಿರಬಹುದು. ಪಟ್ಟಿ ತುಸು ಓರೆಯಾಗಿರಬಹುದು. ಈ ವ್ಯತ್ಯಾಸಗಳಿಗೆ ಕಾರಣ ಬರೆಯುವ ಒಂದು ಪುಟವೇ ನನ್ನ ದೃಷ್ಟಿಯಲ್ಲಿ ವರದಿಯ ಅತ್ಯಂತ ಬೆಲೆಬಾಳುವ ಪುಟ. ಅಂಕ ಕೊಡುವವರು ಅದಕ್ಕೆ ಹೆಚ್ಚಿನ ಅಂಕ ಕೊಡಲಿ.

ಒಂದು ಎಚ್ಚರಿಕೆಯ ಮಾತು. ಹೊಲದ ಸ್ಟಾರ್ಟರ್ ಪೆಟ್ಟಿಗೆಯನ್ನು ಮಕ್ಕಳು ತೆರೆಯಬಾರದು. ಅಲ್ಲಿರುವುದು ಪ್ರಾಣ ತೆಗೆಯುವ ವಿದ್ಯುತ್ತು. ಸುಟ್ಟ ಕಾಯಿಲ್‌ಗಳು ಯಾವ ವೈಂಡಿಂಗ್ ಅಂಗಡಿಯಲ್ಲಾದರೂ ದೊರೆಯುತ್ತವೆ. ಅವನ್ನು ತಂದು ಬಿಚ್ಚಿ, ಸುತ್ತುಗಳನ್ನು ಎಣಿಸಿ, ಧ್ರುವಮುಖವನ್ನು ಅಳೆದು, ತಾಮ್ರದ ಉಂಗುರವನ್ನು ಮುಟ್ಟಿ ನೋಡಲಿ.

ಭಾಷೆಯ ಬಗೆಗೂ ಒಂದು ಮಾತು ಸೇರಿಸುತ್ತೇನೆ. 2021ರಲ್ಲಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ತಾಂತ್ರಿಕ ಶಿಕ್ಷಣ ಮಂಡಳಿ ಅನುಮತಿ ನೀಡಿತು. ಕನ್ನಡದ ತರಗತಿಗಳು ತುಂಬುತ್ತವೆಯೋ ಇಲ್ಲವೋ ಎಂಬ ಚರ್ಚೆ ಹಾಗಿರಲಿ. ಪದವಿ ಯಾವ ಭಾಷೆಯಲ್ಲಿದ್ದರೂ, ಕಾಯಿಲ್ ಏಕೆ ಸುಟ್ಟಿತು ಎಂಬುದನ್ನು ಮಗಳು ತಂದೆಗೆ ಕನ್ನಡದಲ್ಲಿ ವಿವರಿಸಲಾರದೆ ಹೋದರೆ ಅವಳಿಗೆ ಅದು ಇಂಗ್ಲಿಷಿನಲ್ಲಿಯೂ ಅರ್ಥವಾಗಿಲ್ಲವೆಂದೇ ನಾನು ತಿಳಿಯುತ್ತೇನೆ. ಕಾಯಿಲ್, ಸ್ಟಾರ್ಟರ್, ವೋಲ್ಟೇಜ್ ಎಂಬ ಪದಗಳು ಈಗಾಗಲೇ ನಮ್ಮ ಹೊಲದ ಮಾತಾಗಿವೆ. ಅವುಗಳನ್ನು ಹಾಗೆಯೇ ಬಳಸಲು ಸಂಕೋಚವೇಕೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕಾಲೇಜುಗಳಲ್ಲಿ ಪಾಠ ಮಾಡುತ್ತಿದ್ದೀರಿ, ಕೆಲವರು ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದೀರಿ, ಹೆಚ್ಚಿನವರು ಬೇಸಾಯದಲ್ಲಿದ್ದೀರಿ. ನಿಮ್ಮ ಮೂವರಿಗೂ ಪರಸ್ಪರ ಕೊಡಲು ಏನಾದರೂ ಇದೆ. ಅಂಗಡಿಯವರು ನಾಲ್ಕು ಸುಟ್ಟ ಕಾಯಿಲ್‌ಗಳನ್ನು ಕಾಲೇಜಿಗೆ ಕೊಡಲಿ. ಅಧ್ಯಾಪಕರು ಅವುಗಳಿಂದಲೇ ಸಿಮ್ಯುಲೇಶನ್ನಿನ ಮೊದಲ ಪಾಠವನ್ನು ಆರಂಭಿಸಲಿ. ಬೇಸಾಯಗಾರರು ಕಟಕಟ ಸದ್ದು ಕೇಳಿದೊಡನೆ ಮೋಟಾರನ್ನು ಆರಿಸಿ, ಗುಂಡಿಯನ್ನು ಮತ್ತೆ ಮತ್ತೆ ಒತ್ತದೆ ವೋಲ್ಟೇಜ್ ಸುಧಾರಿಸುವವರೆಗೆ ಕಾಯಲಿ. ಅಷ್ಟರಿಂದಲೇ ಒಂದು ಕಾಯಿಲ್ ಉಳಿಯುತ್ತದೆ. ಇನ್ನು ಕಾಲೇಜಿನಲ್ಲಿರುವ ಮಕ್ಕಳಿಗೆ ನನ್ನ ಕೋರಿಕೆ ಒಂದೇ: ಮುಂದಿನ ಸಲ ಸಾಫ್ಟ್‌ವೇರ್ ತೆರೆಯುವ ಮುನ್ನ, ಉತ್ತರ ಸುಮಾರು ಎಷ್ಟು ಬರಬೇಕೆಂಬುದನ್ನು ನೋಟ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟುಕೊಳ್ಳಿ.

ಎಲ್ಲರಿಗೂ ಶುಭವಾಗಲಿ.